ಥೇಮ್ಸಿನ ತೆಂಕಣ ದಡ

ಒಂದು ಊರನ್ನು ವಿಮರ್ಶೆ ಮಾಡಬಹುದೆ? ಕಾವ್ಯವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ. ಅವಕ್ಕೆ ಒಬ್ಬ ಕರ್ತೃವುಂಟು, ಒಂದು ಉದ್ದೇಶವುಂಟು, ಆದಿ ಅಂತ್ಯಗಳುಂಟು. ಊರು ತಾನಾಗಿ ಬೆಳೆದದ್ದು. ಅದನ್ನು ಮೆಚ್ಚಬಹುದು ಇಲ್ಲವೆ ಬಿಡಬಹುದು, ವಿಮರ್ಶಿಸುವುದೆಂತು ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಆ ಮಾತು ದಿಟವೇ. ಆದರೆ ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಕ್ಷಿಣ ದಡ, ಅಲ್ಲಿಯವರು ಸೌತ್ ಬ್ಯಾಂಕ್ ಎಂದು ಕರೆಯುವ ಭಾಗ, ಹಾಗೆ ತಾನಾಗಿ ಬೆಳೆದದ್ದಲ್ಲ. ಅದನ್ನು ಬರೆದವರಿದ್ದಾರೆ, ತಿದ್ದಿದವರಿದ್ದಾರೆ, ಹೊಡೆದುಹಾಕಿದವರಿದ್ದಾರೆ. ಮೂಲಪಾಠವೊಂದು, ಪಾಠಾಂತರಗಳು ಹಲವು, ಪ್ರಕ್ಷಿಪ್ತಗಳಂತೂ ಬೇಕಾದಷ್ಟು. ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಕಲಿತು ಈಗ ಅದನ್ನೇ ಕಲಿಸುತ್ತಿರುವ ನನ್ನಂಥವನಿಗೆ, ಆ ದಡವನ್ನು ನೋಡಿ ಸುಮ್ಮನೆ ಬರುವುದು ಸಾಧ್ಯವಾಗಲಿಲ್ಲ.

ಹೋದ ಬೇಸಗೆಯ ರಜದಲ್ಲಿ ನನ್ನ ಅಕ್ಕನ ಮಗ ನನ್ನನ್ನು ಅಲ್ಲಿಗೆ ಕರೆಸಿಕೊಂಡಿದ್ದ. ಕಂಪ್ಯೂಟರು ಕೆಲಸದಲ್ಲಿರುವ ಹುಡುಗ. ಊರಿನ ಮೇಲೆ ಅಭಿಮಾನವುಳ್ಳವನು. ಮೊದಲನೆಯ ದಿನವೇ ನದಿಯ ದಂಡೆಗೆ ಕರೆದುಕೊಂಡು ಹೋಗಿ, ಕೈಯಾಡಿಸಿ ತೋರಿಸುತ್ತ, "ಮಾವ, ಹಿಂದೆ ಇಲ್ಲಿ ಏನೂ ಇರಲಿಲ್ಲವಂತೆ. ಬರಿ ಕೊಚ್ಚೆ, ಹಾಳು ಗೋದಾಮುಗಳು. ಈಗ ನೋಡಿ" ಎಂದ. ಈಗ ಕಾಣುವುದು ನಿಜಕ್ಕೂ ಬೆರಗುಗೊಳಿಸುವಂಥದು. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲಂಡನ್ ಸೇತುವೆಯವರೆಗೆ ಸುಮಾರು ಎರಡು ಮೈಲಿ ದೂರ, ನೀರಿನ ಅಂಚಿನಲ್ಲೇ ಕಾಲ್ದಾರಿ. ಅದರ ಬದಿಗೆ ಸಂಗೀತಶಾಲೆ, ನಾಟಕಶಾಲೆ, ಚಿತ್ರಶಾಲೆ, ಚಲನಚಿತ್ರ ಮಂದಿರ, ಸೇತುವೆಯ ಕೆಳಗೆ ಹಳೆಯ ಪುಸ್ತಕಗಳ ಮೇಜುಗಳು. ಮೂರು ವಾರದಲ್ಲಿ ಹತ್ತು ಹನ್ನೆರಡು ಸಲ ನಾನು ಆ ದಾರಿಯಲ್ಲಿ ನಡೆದಿದ್ದೇನೆ. ನಡೆದಷ್ಟೂ ಹುಡುಗನ ಆ ಮಾತು, 'ಇಲ್ಲಿ ಏನೂ ಇರಲಿಲ್ಲ' ಎಂಬುದು, ಕಾಲಿಗೆ ಹೊಕ್ಕ ಮುಳ್ಳಿನಂತೆ ಚುಚ್ಚುತ್ತಿತ್ತು.

ಏನೂ ಇರಲಿಲ್ಲವೆಂಬುದು ಸುಳ್ಳು. ಬಹಳ ಇತ್ತು, ಆದರೆ ಇದ್ದುದು ಮರ್ಯಾದಸ್ಥರ ಲೆಕ್ಕಕ್ಕೆ ಬಾರದಂಥದು. ಲಂಡನ್ನಿನ ಕೋಟೆಯೊಳಗಿನ ಹಳೆಯ ನಗರ ಉತ್ತರ ದಡದಲ್ಲಿತ್ತು. ನಗರದ ಹಿರಿಯರು ಊರೊಳಗೆ ಬೇಡವೆಂದದ್ದೆಲ್ಲ ಹೊಳೆ ದಾಟಿ ಈಚೆ ದಡಕ್ಕೆ ಬಂತು. ಕರಡಿಗೆ ನಾಯಿಗಳನ್ನು ಛೂ ಬಿಡುವ ಆಟದ ಕಟ್ಟೆಗಳು, ಹೆಂಡದಂಗಡಿಗಳು, ಸೂಳೆಗೇರಿ, ಸೆರೆಮನೆಗಳು ಎಲ್ಲವೂ ಇಲ್ಲಿಯೇ. ವಿಂಚೆಸ್ಟರಿನ ಬಿಷಪ್ಪರ ಅಧಿಕಾರಕ್ಕೆ ಸೇರಿದ್ದ ಭೂಮಿ ಅದು. ಅವರ 'ಕ್ಲಿಂಕ್' ಸೆರೆಮನೆಯ ಹೆಸರೇ ಇಂಗ್ಲಿಷಿನಲ್ಲಿ ಸೆರೆಮನೆಗೆ ಅಡ್ಡಹೆಸರಾಗಿ ನಿಂತಿದೆ. ಇವುಗಳ ನಡುವೆ, ಇವುಗಳದೇ ಜಾತಿಯ ಇನ್ನೊಂದು ಉಪದ್ರವವೆಂಬಂತೆ, ನಾಟಕಶಾಲೆಗಳು ಬಂದವು: 1587ರಲ್ಲಿ ರೋಸ್, 1599ರಲ್ಲಿ ಗ್ಲೋಬ್. ಷೇಕ್ಸ್‌ಪಿಯರನ ಮಹಾನಾಟಕಗಳು ಆಡಲ್ಪಟ್ಟದ್ದು ಕರಡಿಯಾಟದ ನೆರೆಯಲ್ಲಿ. ಇಂದು ನಾವು 'ಸಂಸ್ಕೃತಿ' ಎಂದು ಕೈಮುಗಿಯುವ ವಸ್ತು ಅಂದು ಊರಾಚೆಗೆ ತಳ್ಳಲ್ಪಟ್ಟದ್ದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಈ ದಡವನ್ನು ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ಹೊಸ ಪಾಠದ ಮೊದಲ ಸಾಲು ಬರೆದದ್ದು 1951ರಲ್ಲಿ. ಯುದ್ಧದಲ್ಲಿ ಬಾಂಬು ಬಿದ್ದು ದಂಡೆ ಹಾಳಾಗಿತ್ತು; ರೇಷನ್ನು ಇನ್ನೂ ಮುಗಿದಿರಲಿಲ್ಲ. ಅಂಥ ಕಾಲದಲ್ಲಿ ಅಲ್ಲಿನ ಸರ್ಕಾರ ಜನಕ್ಕೆ ಉಲ್ಲಾಸ ಬರಲೆಂದು 'ಫೆಸ್ಟಿವಲ್ ಆಫ್ ಬ್ರಿಟನ್' ಎಂಬ ಉತ್ಸವವನ್ನು ಹೂಡಿತು. ಐದು ತಿಂಗಳಲ್ಲಿ ಈ ದಡದ ಪ್ರದರ್ಶನವೊಂದಕ್ಕೇ 80 ಲಕ್ಷಕ್ಕೂ ಹೆಚ್ಚು ಜನ ಬಂದರು. ಉತ್ಸವ ಮುಗಿದೊಡನೆ ಸರ್ಕಾರ ಬದಲಾಯಿತು. ಚರ್ಚಿಲ್ಲರ ಹೊಸ ಸರ್ಕಾರ ಕಟ್ಟಡಗಳನ್ನು ಬಹುಮಟ್ಟಿಗೆ ಕೆಡವಿಸಿತು. ಉಳಿದ ದೊಡ್ಡ ಕಟ್ಟಡವೆಂದರೆ ರಾಯಲ್ ಫೆಸ್ಟಿವಲ್ ಹಾಲ್ ಎಂಬ ಸಂಗೀತಶಾಲೆ. ಹಿಂದಿನವನ ಬರಹವನ್ನು ಮುಂದಿನವನು ಕೆರೆದುಹಾಕುವುದು ಓಲೆಗರಿಗೆ ಮಾತ್ರ ಬಂದ ವಿಪತ್ತಲ್ಲ.

ಈ ಕಟ್ಟಡವನ್ನು ನಾನು ನಿಸ್ಸಂಕೋಚವಾಗಿ ಮೆಚ್ಚುತ್ತೇನೆ. ಸಂಗೀತಶಾಲೆಯನ್ನು ಮೊಟ್ಟೆಯಂತೆ ಮೇಲೆತ್ತಿ ನಿಲ್ಲಿಸಿ, ಅದರ ಕೆಳಗೆ ಸುತ್ತ ವಿಶಾಲವಾದ ಹಜಾರಗಳನ್ನೂ ಮೆಟ್ಟಿಲುಗಳನ್ನೂ ಹರಡಿದ್ದಾರೆ. 1983ರಲ್ಲಿ ಆಗಿನ ನಗರಸಭೆ ಈ ಹಜಾರಗಳನ್ನು ಹಗಲೆಲ್ಲ ತೆರೆದಿಟ್ಟಿರಬೇಕೆಂದು ಗೊತ್ತುಮಾಡಿತು. ಅಂದಿನಿಂದ ಟಿಕೆಟ್ಟು ಇಲ್ಲದವನೂ ಒಳಗೆ ಬಂದು ಕೂರಬಹುದು. ನಾನು ಹೋದಾಗಲೆಲ್ಲ ಅಲ್ಲಿ ಬುತ್ತಿ ಬಿಚ್ಚಿಕೊಂಡು ಕೂತ ಮುದುಕಿಯರು, ಪರೀಕ್ಷೆಗೆ ಓದುವ ಹುಡುಗರು, ಮಗುವನ್ನು ನೆಲದ ಮೇಲೆ ಹರಿಯಬಿಟ್ಟ ತಾಯಂದಿರು ಇದ್ದರು. 'ಏನು ಬೇಕು?' ಎಂದು ಕೇಳುವವರಿಲ್ಲ. ಐದನೆಯ ಅಂತಸ್ತಿನಲ್ಲಿ ಕಾವ್ಯಕ್ಕೇ ಮೀಸಲಾದ ಒಂದು ಪುಸ್ತಕಾಲಯವಿದೆ. 1953ರಲ್ಲಿ ಸ್ಥಾಪಿತವಾದದ್ದು, 1988ರಲ್ಲಿ ಇಲ್ಲಿಗೆ ಬಂದದ್ದು. ಅದಕ್ಕೂ ಪ್ರವೇಶಧನವಿಲ್ಲ. ಒಂದು ರಾಷ್ಟ್ರದ ಕಾವ್ಯಭಂಡಾರ ಹೀಗೆ ಜನ ಬುತ್ತಿ ಉಣ್ಣುವ ಹಜಾರದ ನೆತ್ತಿಯ ಮೇಲೆ ಇರುವುದು ನನಗೆ ಬಹಳ ಉಚಿತವಾಗಿ ಕಂಡಿತು.

ಮುಂದೆ ಬರುವುದು ನ್ಯಾಷನಲ್ ಥಿಯೇಟರು. ಡೆನಿಸ್ ಲ್ಯಾಸ್ಡನ್ ಎಂಬ ಶಿಲ್ಪಿಯ ಕೃತಿ, 1976ರಲ್ಲಿ ತೆರೆಯಿತು, ಒಳಗೆ ಮೂರು ನಾಟಕಶಾಲೆಗಳು. ಬಣ್ಣವಿಲ್ಲದ, ಗಾರೆಯಿಲ್ಲದ ಬರಿಯ ಕಾಂಕ್ರೀಟು. ಇದನ್ನು ಕಂಡರೆ ಆಗದವರು ಬಹಳ. ಈಗ ಅರಸರಾಗಿರುವ ಚಾರ್ಲ್ಸರು ಯುವರಾಜರಾಗಿದ್ದಾಗ, 1988ರಲ್ಲಿ, ಇದನ್ನು ಅಣುವಿದ್ಯುತ್ ಸ್ಥಾವರಕ್ಕೆ ಹೋಲಿಸಿ ಹಾಸ್ಯ ಮಾಡಿದ್ದರು. ದೂರದಿಂದ ನೋಡಿದಾಗ ನನಗೂ ಹಾಗೆಯೇ ಅನ್ನಿಸಿತು. ಹತ್ತಿರ ಹೋಗಿ ಗೋಡೆಯ ಮೇಲೆ ಕೈಯಾಡಿಸಿದಾಗ ಎಣಿಕೆ ಬದಲಾಯಿತು. ಕಾಂಕ್ರೀಟು ಸುರಿಯುವಾಗ ಅಚ್ಚಿಗೆ ಬಳಸಿದ ಮರದ ಹಲಗೆಗಳ ನಾರು, ಗಂಟು, ಗೆರೆ ಎಲ್ಲವೂ ಗೋಡೆಯಲ್ಲಿ ಹಾಗೆಯೇ ಅಚ್ಚೊತ್ತಿ ನಿಂತಿವೆ. ಕಲ್ಲಾಗಿ ಹೋದ ಕಾಡು! ಒರಟೆಂದು ತಳ್ಳಿದ ಮಾತಿನಲ್ಲಿ ಮೂಲದ ಉಸಿರು ಉಳಿದಿರುವುದನ್ನು ನಾವು ಜನಪದಗೀತಗಳಲ್ಲಿ ಕಂಡಿಲ್ಲವೆ? ಆದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಈ ಕಟ್ಟಡದ ಬಾಗಿಲು ಎಲ್ಲಿದೆಯೆಂದು ಹುಡುಕಬೇಕು. ಜನಕ್ಕೆಂದು ಕಟ್ಟಿದ ಮನೆಗೆ ಬಾಗಿಲು ಎದುರಿಗೇ ಕಾಣುವಂತಿರಬೇಕು; ವಾಸ್ತುಗೌರವ ಎಷ್ಟೇ ಇರಲಿ, ಇದು ದೋಷವೇ.

ಈ ಎರಡು ಮಹಾಕಟ್ಟಡಗಳ ನಡುವೆ, ಯಾವ ಶಿಲ್ಪಿಯ ನಕ್ಷೆಯಲ್ಲೂ ಇಲ್ಲದ ಒಂದು ರಂಗಸ್ಥಳವುಂಟು. 1967ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಹಾಲಿನ ಕೆಳಗೆ ಕಂಬಗಳ ನಡುವೆ ಕತ್ತಲೆಯ ಜಾಗವೊಂದು ಉಳಿದುಹೋಗಿತ್ತು. 1970ರ ದಶಕದಿಂದ ಸ್ಕೇಟ್‌ಬೋರ್ಡಿನ ಹುಡುಗರು ಅದನ್ನು ತಮ್ಮ ಗರಡಿ ಮಾಡಿಕೊಂಡರು. ಗೋಡೆಯ ತುಂಬ ಬಣ್ಣದ ಬರಹ, ಗಾಲಿಗಳ ಗಡಗಡ ಸದ್ದು. 2013ರಲ್ಲಿ ಮೇಲಿನವರು ಆ ಜಾಗದಲ್ಲಿ ಅಂಗಡಿ ಹೋಟೆಲುಗಳನ್ನು ಮಾಡಿ, ಬರುವ ಬಾಡಿಗೆಯಿಂದ ಕಲೆಗೆ ನೆರವಾಗುವುದೆಂದೂ ಹುಡುಗರಿಗೆ ಪಕ್ಕದ ಸೇತುವೆಯ ಕೆಳಗೆ ಬೇರೆ ಜಾಗ ಕೊಡುವುದೆಂದೂ ಯೋಚಿಸಿದರು. ಉದ್ದೇಶ ಕೆಟ್ಟದಲ್ಲ. ಆದರೆ ಹುಡುಗರು ಒಪ್ಪಲಿಲ್ಲ. ಸಹಿ ಸಂಗ್ರಹಿಸಿದರು, ವಾದಿಸಿದರು. 2014ರಲ್ಲಿ ಒಪ್ಪಂದವಾಗಿ ಜಾಗ ಅವರಿಗೇ ಉಳಿಯಿತು. ಮುಚ್ಚಿದ್ದ ಒಂದು ಭಾಗ 2019ರಲ್ಲಿ ಮತ್ತೆ ತೆರೆಯಿತು. ನಾನು ಒಂದು ಸಂಜೆ ಅಲ್ಲಿ ನಿಂತು ನೋಡಿದೆ. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಒಂದೇ ನೆಗೆತವನ್ನು ಇಪ್ಪತ್ತು ಸಲ ಬಿದ್ದು ಇಪ್ಪತ್ತೊಂದನೆಯ ಸಲ ಸಾಧಿಸಿದಳು. ಸುತ್ತ ಇದ್ದವರು ತಮ್ಮ ಹಲಗೆಗಳನ್ನು ನೆಲಕ್ಕೆ ಬಡಿದು ಶಹಬಾಸ್ ಎಂದರು. ಮೇಲಿನ ಸಭಾಂಗಣದಲ್ಲಿ ಪಿಟೀಲಿನವರು ಮಾಡುವುದೂ ಇದೇ ಸಾಧನೆಯಲ್ಲವೆ?

ಇದಕ್ಕಿಂತ ದೊಡ್ಡ ಹಟದ ಕಥೆ ಕಾಯಿನ್ ಸ್ಟ್ರೀಟಿನದು. 1970ರ ದಶಕದಲ್ಲಿ ಇಲ್ಲಿಯ ಖಾಲಿ ನೆಲದ ಮೇಲೆ ಹೋಟೆಲು ಕಛೇರಿಗಳ ಎತ್ತರದ ಗೋಡೆಯೊಂದನ್ನೇ ಎಬ್ಬಿಸುವ ಯೋಜನೆಯಿತ್ತು. ಆ ವೇಳೆಗೆ ಈ ಭಾಗದ ಜನಸಂಖ್ಯೆ ಕರಗಿಹೋಗಿ ಕೆಲವೇ ಸಾವಿರವಾಗಿತ್ತು. ಶಾಲೆಗಳು, ಅಂಗಡಿಗಳು ಮುಚ್ಚುತ್ತಿದ್ದವು. ಉಳಿದಿದ್ದ ಜನ 'ನಮಗೆ ಮನೆ ಬೇಕು, ಹೋಟೆಲು ಬೇಡ' ಎಂದು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 1984ರಲ್ಲಿ, ತಾನೇ ರದ್ದಾಗಿ ಹೋಗುವ ಎರಡು ವರ್ಷ ಮೊದಲು, ಗ್ರೇಟರ್ ಲಂಡನ್ ಕೌನ್ಸಿಲು 13 ಎಕರೆ ನೆಲವನ್ನು ಏಳೂವರೆ ಲಕ್ಷ ಪೌಂಡಿಗೆ ಆ ನಿವಾಸಿಗಳ ಸಂಸ್ಥೆಗೇ ಮಾರಿತು. ಅವರು ಸಹಕಾರೀ ಮನೆಗಳನ್ನು ಕಟ್ಟಿಸಿದರು, ತೋಟ ಹಾಕಿದರು, ನದಿಯಂಚಿನ ಕಾಲ್ದಾರಿಯನ್ನು ಪೂರ್ತಿ ಮಾಡಿದರು. ಜಾಹೀರಾತು ನಿಷೇಧಿಸಿದ್ದ ಕಾಲದಲ್ಲಿ ಕಿಟಕಿಗಳನ್ನೇ ಅಕ್ಷರಗಳಂತೆ ಜೋಡಿಸಿ ತನ್ನ ಸರಕಿನ ಹೆಸರು ಸಾರಿದ ಆಕ್ಸೋ ಗೋಪುರ ಅವರ ಪಾಲಿಗೇ ಬಂತು. ಅದರ ತುದಿಯಲ್ಲಿ ದುಬಾರಿ ಹೋಟೆಲು, ನಡುವೆ 78 ಸಹಕಾರೀ ಮನೆಗಳು, ಕೆಳಗೆ ಕುಶಲಕರ್ಮಿಗಳ ಅಂಗಡಿಗಳು. ಹಣವಂತನೂ ಕೂಲಿಗಾರನೂ ಒಂದೇ ಗೋಪುರವನ್ನು ಹಂಚಿಕೊಂಡಿದ್ದಾರೆ. ಪ್ರವಾಸಿಯ ಕೈಪಿಡಿಗಳು ಗೋಪುರದಿಂದ ಕಾಣುವ ನೋಟವನ್ನು ವರ್ಣಿಸುತ್ತವೆ. ಗೋಪುರದೊಳಗಿನ ಮನೆಗಳ ವಿಷಯ ಎತ್ತುವುದು ಕಡಮೆ. ನನ್ನ ಮಟ್ಟಿಗೆ ಈ ದಡದ ಅತ್ಯುತ್ತಮ ರಚನೆ ಅದೇ.

ಇನ್ನು ಗ್ಲೋಬ್. ಇದರ ಬಗ್ಗೆ ನನಗೆ ಮೊದಲಿನಿಂದ ಅನುಮಾನವಿತ್ತು. ಮೂಲ ಗ್ಲೋಬ್ 1613ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದ್ದನ್ನು ಪ್ಯೂರಿಟನ್ನರ ಕಾಲದಲ್ಲಿ ಮುಚ್ಚಿ ಕೆಡವಿದರು. ಈಗಿರುವುದು ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟನ ಜೀವಮಾನದ ಹಂಬಲ. 1949ರಲ್ಲಿ ಆತ ಲಂಡನ್ನಿಗೆ ಬಂದು ಗ್ಲೋಬ್ ಎಲ್ಲಿ ಎಂದು ಹುಡುಕಿದಾಗ ಕಂಡದ್ದು ಗೋಡೆಯ ಮೇಲಿನ ಒಂದು ಫಲಕ ಮಾತ್ರ. ದಶಕಗಳ ಕಾಲ ಹಣ ಕೂಡಿಸಿದ, 1993ರಲ್ಲಿ ತೀರಿಕೊಂಡ, ನಾಟಕಶಾಲೆ ತೆರೆದದ್ದು 1997ರಲ್ಲಿ. ಓಕ್ ಮರ, ಸುಣ್ಣದ ಗಾರೆ, ಹುಲ್ಲಿನ ಚಾವಣಿ. 1666ರ ಮಹಾಬೆಂಕಿಯ ತರುವಾಯ ಲಂಡನ್ನಿನಲ್ಲಿ ಅನುಮತಿ ಪಡೆದ ಮೊದಲ ಹುಲ್ಲು ಮಾಡು ಇದು. ಹಳೆಯದರ ನಕಲನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೂ ನಕಲು ನಕಲೇ ಎಂದುಕೊಂಡು ಹೋದೆ.

ನಿಲ್ಲುವ ಜಾಗದ ಟಿಕೆಟ್ಟು ಕೊಂಡೆವು. ತೆರೆದ ಅಂಗಳದಲ್ಲಿ ಸುಮಾರು ಏಳುನೂರು ಜನ ನಿಂತು ನೋಡಬಹುದು. ಬಹುಕಾಲ ಆ ಟಿಕೆಟ್ಟಿನ ಬೆಲೆ ಐದೇ ಪೌಂಡಿತ್ತು. ಮೇಲೆ ಆಕಾಶ. ಕೂರುವಂತಿಲ್ಲ, ಕೊಡೆ ಬಿಚ್ಚುವಂತಿಲ್ಲ. ಆಡಿದ್ದು ಒಂದು ವಿನೋದನಾಟಕ. ಎರಡನೆಯ ಅಂಕದ ಹೊತ್ತಿಗೆ ಮಳೆ ಬಂತು. ಗ್ಯಾಲರಿಯಲ್ಲಿ ಹಣ ಕೊಟ್ಟು ಕೂತವರು ನೆನೆಯಲಿಲ್ಲ; ನಾವು ತೊಯ್ದು ತೊಪ್ಪೆಯಾದೆವು. ವಿದೂಷಕ ರಂಗದ ಅಂಚಿಗೆ ಬಂದು ಅಂಗೈ ಚಾಚಿ ಮಳೆ ಹನಿ ಹಿಡಿದು ನಮ್ಮ ಕಡೆ ನೋಡಿದ. ಏಳುನೂರು ಜನ ಒಟ್ಟಿಗೆ ನಕ್ಕೆವು. ನಟರಿಗೂ ನಮಗೂ ಒಂದೇ ಬೆಳಕು. ಅವರ ಮುಖ ನಮಗೆ ಕಾಣುವಷ್ಟೇ ಚೆನ್ನಾಗಿ ನಮ್ಮ ಮುಖ ಅವರಿಗೆ ಕಾಣುತ್ತಿತ್ತು. ಗದ್ದೆಬಯಲಲ್ಲಿ ರಾತ್ರಿಯೆಲ್ಲ ಬಯಲಾಟ ನೋಡಿ ಬೆಳೆದವನಿಗೆ ಇದು ಹೊಸದಲ್ಲ. ಆದರೆ ಇಪ್ಪತ್ತು ವರ್ಷದಿಂದ ಷೇಕ್ಸ್‌ಪಿಯರನ ಪ್ರಭಾವವನ್ನು ಬೋರ್ಡಿನ ಮೇಲೆ ಬರೆದು ಕಲಿಸಿದ ನನಗೆ, ಆ ನಾಟಕಗಳು ಓದುವ ಕೊಠಡಿಯ ವಸ್ತುವಲ್ಲವೆಂದು ಮೈಮೇಲೆ ಮಳೆ ಬಿದ್ದಾಗ ತಿಳಿಯಿತು. ಕಟ್ಟಡ ನಕಲಾಗಿರಬಹುದು, ನಿಂತ ಜನ ನಕಲಲ್ಲ. ನನ್ನ ಅನುಮಾನವನ್ನು ಅಲ್ಲಿಯೇ ಬಿಟ್ಟುಬಂದೆ.

ಒಂದು ಕೊರಗು ಮಾತ್ರ ಉಳಿಯಿತು. 2012ರಲ್ಲಿ ಇದೇ ರಂಗದ ಮೇಲೆ ಷೇಕ್ಸ್‌ಪಿಯರನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿದರು. ಹಿಂದಿ ಇತ್ತು, ಗುಜರಾತಿ ಇತ್ತು, ಬಾಂಗ್ಲಾದೇಶದ ಬಂಗಾಳಿ, ಪಾಕಿಸ್ತಾನದ ಉರ್ದು ಇದ್ದವು. ಕಿವುಡರ ಸಂಜ್ಞಾಭಾಷೆಗೂ ಒಂದು ನಾಟಕ ದೊರೆಯಿತು. ಕನ್ನಡವಿರಲಿಲ್ಲ. 'ಹ್ಯಾಮ್ಲೆಟ್'ಅನ್ನು 'ರಕ್ತಾಕ್ಷಿ'ಯಾಗಿಯೂ 'ಟೆಂಪೆಸ್ಟ್'ಅನ್ನು 'ಬಿರುಗಾಳಿ'ಯಾಗಿಯೂ ಕುವೆಂಪು ಕನ್ನಡದ ನೆಲಕ್ಕೆ ಇಳಿಸಿದ್ದಾರೆ, ಡಿ.ವಿ.ಜಿ. 'ಮ್ಯಾಕ್‌ಬೆತ್'ಅನ್ನು ಕನ್ನಡಿಸಿದ್ದಾರೆ. ಇಷ್ಟು ಇಟ್ಟುಕೊಂಡೂ ನಾವು ಆ ಅಂಗಳದಲ್ಲಿ ನಿಲ್ಲಲಿಲ್ಲ. ಯಾರನ್ನು ದೂರೋಣ? ಕರೆಯದವರನ್ನು ದೂರುವ ಮೊದಲು, ನಮ್ಮ ಎಷ್ಟು ಕಾಲೇಜುಗಳಲ್ಲಿ ಇವನ್ನು ಪರೀಕ್ಷೆಗಲ್ಲದೆ ರಂಗಕ್ಕಾಗಿ ಓದಿಸುತ್ತೇವೆಂದು ಕೇಳಿಕೊಳ್ಳುವುದು ಒಳ್ಳೆಯದು.

ಗ್ಲೋಬಿನ ಪಕ್ಕದಲ್ಲೇ ಟೇಟ್ ಮಾಡರ್ನ್. 1981ರಲ್ಲಿ ಕೆಲಸ ನಿಲ್ಲಿಸಿದ ವಿದ್ಯುದಾಗಾರವನ್ನು ಕೆಡವದೆ ಚಿತ್ರಶಾಲೆಯನ್ನಾಗಿ ಮಾರ್ಪಡಿಸಿ 2000ದಲ್ಲಿ ತೆರೆದರು. ನಾಟಕಶಾಲೆಯನ್ನು ವಿದ್ಯುದಾಗಾರವೆಂದು ಹಾಸ್ಯ ಮಾಡಿದ ಊರು, ನಿಜವಾದ ವಿದ್ಯುದಾಗಾರವನ್ನು ಕಲೆಯ ಮನೆಯೆಂದು ಒಪ್ಪಿಕೊಂಡಿತು! 99 ಮೀಟರು ಎತ್ತರದ ಚಿಮಣಿ ಹಾಗೆಯೇ ಇದೆ. ಯಂತ್ರಗಳಿದ್ದ ಹಜಾರ 152 ಮೀಟರು ಉದ್ದ, 35 ಮೀಟರು ಎತ್ತರ. ಸ್ಥಿರಸಂಗ್ರಹಕ್ಕೆ ಪ್ರವೇಶಧನವಿಲ್ಲ. ಆದರೆ ಈ ಹಜಾರದ ಗಾತ್ರವೇ ಒಂದು ಶೋಧನೆ. ಇಲ್ಲಿಡುವ ಕೃತಿ ದೊಡ್ಡದಾಗಿರಲೇಬೇಕು, ದೊಡ್ಡದಾದದ್ದು ಜಾತ್ರೆಯಾಗುತ್ತದೆ, ಜಾತ್ರೆಯಲ್ಲಿ ಕಲೆ ಕಳೆದುಹೋಗುವ ಭಯ ಇದ್ದೇ ಇದೆ. 2003ರಲ್ಲಿ ಓಲಾಫರ್ ಎಲಿಯಾಸನ್ ಇಲ್ಲಿ ಕೃತಕ ಸೂರ್ಯನನ್ನು ತೂಗುಹಾಕಿದಾಗ ಜನ ನೆಲದ ಮೇಲೆ ಮಲಗಿ ಬಿಸಿಲು ಕಾಯಿಸಿದರಂತೆ. ಬೆರಗು ನಿಜ, ಬೆರಗೇ ರಸವೆಂದು ಒಪ್ಪಲು ಮನಸ್ಸು ಬಾರದು.

ಈ ನನ್ನ ಆಕ್ಷೇಪಣೆಗೆ ಉತ್ತರವೂ ಅದೇ ಹಜಾರದಲ್ಲಿ, ಕಾಲ ಕೆಳಗೆ ಸಿಕ್ಕಿತು. ಕಾಂಕ್ರೀಟು ನೆಲದಲ್ಲಿ ಒಂದು ತೇಪೆಯ ಗೆರೆ ಈ ತುದಿಯಿಂದ ಆ ತುದಿಗೆ ವಕ್ರವಾಗಿ ಓಡುತ್ತದೆ. ನೆಲ ಬಿರಿತು ದುರಸ್ತಿ ಮಾಡಿದ್ದಾರೆಂದುಕೊಂಡೆ. ಅಲ್ಲ, ಕೊಲಂಬಿಯಾ ದೇಶದ ಶಿಲ್ಪಿ ಡೋರಿಸ್ ಸಾಲ್ಸೆಡೊ 2007ರಲ್ಲಿ ಮಾಡಿದ ಕೃತಿಯ ಗುರುತು ಅದು. ಆಕೆ ಆ ಮಹಾಹಜಾರವನ್ನು ತುಂಬಲಿಲ್ಲ. 167 ಮೀಟರು ಉದ್ದಕ್ಕೆ ನೆಲವನ್ನು ಸೀಳಿದಳು. ಆರು ತಿಂಗಳ ಮೇಲೆ ಬಿರುಕನ್ನು ಮುಚ್ಚಿದರು, ಕಲೆ ಉಳಿದಿದೆ. ಕೃತಿಯ ಹೆಸರು 'ಷಿಬೊಲೆತ್'. ಬೈಬಲ್ಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿ ಬರುವ ಕಥೆ ಅದು. ಯುದ್ಧದಲ್ಲಿ ಸೋತ ಎಫ್ರಾಯೀಮಿನವರು ಯೊರ್ದಾನ್ ನದಿಯನ್ನು ದಾಟಿ ಊರು ಸೇರಲು ಬರುತ್ತಾರೆ. ಗೆದ್ದ ಗಿಲ್ಯಾದಿನವರು ಹಾಯುಗಡದಲ್ಲಿ ನಿಂತು, ಬಂದವನನ್ನೆಲ್ಲ 'ಷಿಬೊಲೆತ್' ಎನ್ನು ಎನ್ನುತ್ತಾರೆ. ಸೋತವರ ನಾಲಗೆಗೆ ಆ 'ಷ'ಕಾರ ಹೊರಳದು, 'ಸಿಬೊಲೆತ್' ಎನ್ನುತ್ತಾರೆ. ಹಾಗೆಂದವರನ್ನೆಲ್ಲ ಕೊಲ್ಲುತ್ತಾರೆ. ಒಂದು ಅಕ್ಷರದ ಉಚ್ಚಾರಣೆಗೆ ಸತ್ತವರು 42 ಸಾವಿರ ಎನ್ನುತ್ತದೆ ಗ್ರಂಥ. ವಲಸೆ ಬಂದವರನ್ನು ಐರೋಪ್ಯ ಸಮಾಜಗಳು ಹೊರಗಿಡುವ ಬಗೆಯನ್ನು ಕುರಿತು ಆ ಬಿರುಕು ಎಂದು ಅವರು ವಿವರಿಸುತ್ತಾರೆ. ನನಗೆ ವಿವರಣೆ ಬೇಕಾಗಲಿಲ್ಲ. ಆ ಗೆರೆಯ ಮೇಲೆ ಕಾಲಿಟ್ಟು ನಿಂತಾಗ ನನ್ನ ನೆನಪಿಗೆ ಬಂದದ್ದು ನನ್ನದೇ ತರಗತಿ.

ನಾನು ಅಧ್ಯಾಪಕನಾದ ಎರಡನೆಯ ವರ್ಷ. ಹಳ್ಳಿಯ ಹುಡುಗನೊಬ್ಬನಿಗೆ ಪದ್ಯ ಓದು ಎಂದೆ. ಧೈರ್ಯವಾಗಿ ಎದ್ದು ಓದಿದ. 'ಹಾಡು' ಎಂಬಲ್ಲಿ 'ಆಡು' ಎಂದ. "ಆಡೋ, ಕುರಿಯೋ?" ಎಂದೆ ನಾನು. ತರಗತಿ ಗೊಳ್ಳೆಂದು ನಕ್ಕಿತು. ನನ್ನ ಚಾತುರ್ಯಕ್ಕೆ ನಾನೇ ಮೆಚ್ಚಿಕೊಂಡೆ. ಆ ಹುಡುಗ ಮೂರು ವರ್ಷ ನನ್ನ ತರಗತಿಯಲ್ಲಿ ಕೂತಿದ್ದ. ಮತ್ತೊಮ್ಮೆ ಬಾಯಿ ಬಿಡಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯೆಂದರೆ, ನನ್ನ ತಾಯಿ ಕೊನೆಯತನಕ 'ಆಲು' ಎಂದೇ ಹೇಳಿದವರು; ನಾನು 'ಹ'ಕಾರ ಕಲಿತದ್ದು ಹೈಸ್ಕೂಲಿನಲ್ಲಿ, ಇನ್ನೊಬ್ಬ ಮೇಷ್ಟರ ನಗೆಚಾಟಿಕೆಗೆ ಹೆದರಿ. ಇನ್ನೂ ನಾಚಿಕೆಯ ಸಂಗತಿ: ಅದೇ ವರ್ಷ ಭಾಷಾಶಾಸ್ತ್ರದ ಪಾಠದಲ್ಲಿ ಹಳಗನ್ನಡದ 'ಪಾಲ್' ನಡುಗನ್ನಡದ ವೇಳೆಗೆ 'ಹಾಲು' ಆದುದನ್ನು ನಾನೇ ಕಲಿಸುತ್ತಿದ್ದೆ. ಪಕಾರ ಹಕಾರವಾದರೆ ಅದು ಭಾಷೆಯ ಬೆಳವಣಿಗೆ. ಅದೇ ಹಕಾರ ಹಳ್ಳಿಯವನ ಬಾಯಲ್ಲಿ ಇನ್ನೊಂದು ಹೆಜ್ಜೆ ಸವೆದರೆ ಅದು ಅಪಭ್ರಂಶ! ಒಂದೇ ಹೊಳೆ, ಮೇಲಿನ ಮಡುವಿಗೆ ಕೈಮುಗಿದು ಕೆಳಗಿನ ಮಡುವಿಗೆ ಉಗುಳಿದ ಹಾಗೆ. ಹಾಯುಗಡದಲ್ಲಿ ಕತ್ತಿ ಹಿಡಿದು ನಿಂತವರ ಸಾಲಿನಲ್ಲಿ ನಾನೂ ಇದ್ದೆ.

ಅಲ್ಲಿಂದಾಚೆಗೆ ದಡದ ಮೇಲಿನ ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ನೋಡುವಂತಾಯಿತು: ಹೊಸ್ತಿಲಲ್ಲಿ ಯಾರು ನಿಂತಿದ್ದಾರೆ, ಏನನ್ನು ಕೇಳುತ್ತಿದ್ದಾರೆ? ಟೇಟ್ ಚಿತ್ರಶಾಲೆ 2016ರಲ್ಲಿ ಹೊಸ ಕಟ್ಟಡವೊಂದನ್ನು ಸೇರಿಸಿ, ಅದರ ಹತ್ತನೆಯ ಅಂತಸ್ತಿನಲ್ಲಿ ಜನರು ಊರನ್ನು ನೋಡಲು ಸುತ್ತುಮೊಗಸಾಲೆ ಮಾಡಿತು. ಎದುರಿಗೇ ಗಾಜಿನ ಗೋಡೆಯ ಶ್ರೀಮಂತ ವಸತಿಗಳು. ನೋಡಲು ಬಂದವರಿಗೆ ಅವರ ಊಟದ ಮೇಜು, ಮಂಚ ಎಲ್ಲ ಕಂಡವು. ಮನೆಯವರು ಕೋರ್ಟಿಗೆ ಹೋದರು. ಕೆಳಗಿನ ಎರಡು ಕೋರ್ಟುಗಳಲ್ಲಿ ಸೋತು, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮೂವರು ಎರಡರ ಬಹುಮತದಿಂದ ಗೆದ್ದರು. ಮನೆಯೊಳಗೆ ಇಣುಕುವುದು ತಪ್ಪು. ತೀರ್ಪನ್ನು ನಾನು ಹಳಿಯಲಾರೆ. ಆದರೆ ಹಿಂದು ಮುಂದನ್ನು ಜೋಡಿಸಿ ನೋಡಿ. ಮೊದಲು ಕಲಾಶಾಲೆ ಬಂತು. ಅದರಿಂದ ದಡಕ್ಕೆ ಬೆಲೆ ಬಂತು. ಬೆಲೆಯಿಂದ ಗಾಜಿನ ಗೋಪುರಗಳು ಬಂದವು. ಗೋಪುರದವರಿಗೆ ಕಲಾಶಾಲೆಗೆ ಬರುವ ಜನ ಉಪದ್ರವವಾದರು. ನಾನೂರು ವರ್ಷದ ಹಿಂದೆ ನಗರದ ಹಿರಿಯರು ನಾಟಕದವರನ್ನು ಕುರಿತು ಆಡಿದ ದೂರಿಗೂ ಇದಕ್ಕೂ ಬಹಳ ದೂರವಿಲ್ಲ. ದಡಗಳ ಪುನರುಜ್ಜೀವನವನ್ನು ಕೊಂಡಾಡುವವರು ಈ ಸರಪಣಿಯನ್ನು ಮರೆಯಬಾರದು. ಕಾಯಿನ್ ಸ್ಟ್ರೀಟಿನ ಹಟಮಾರಿಗಳು ಇಲ್ಲದಿದ್ದರೆ, ಈ ದಂಡೆಯಲ್ಲಿ ಸಂಸ್ಕೃತಿಯೂ ಇರುತ್ತಿತ್ತು, ಗಾಜೂ ಇರುತ್ತಿತ್ತು. ಅಲ್ಲಿಯದೇ ಎನ್ನುವ ಜನ ಇರುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ, ಪ್ರವಾಸಿಗಳು ನಡೆಯುವ ದಿಕ್ಕಿಗೆ ಬೆನ್ನು ಮಾಡಿ, ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಹೊಳೆಯ ಮೇಲ್ಗಡೆಗೆ ನಡೆದೆ. ಸಮುದ್ರದ ಇಳಿತದ ಹೊತ್ತು. ಥೇಮ್ಸಿನ ನೀರು ಸರಿದು ಕೆಸರು, ಕಲ್ಲು, ಹಳೆಯ ಮರದ ಕಂಬಗಳು ಹೊರಬಿದ್ದಿದ್ದವು. ಅಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ಹೊರಗೋಡೆಯ ಮೇಲೆ, ಸುಮಾರು ಅರ್ಧ ಕಿಲೋಮೀಟರು ಉದ್ದಕ್ಕೆ, ಕೈಯಲ್ಲಿ ಬರೆದ ಕೆಂಪು ಹೃದಯಗಳು ಎರಡು ಲಕ್ಷಕ್ಕೂ ಮಿಕ್ಕಿ ಇವೆ. ಕೋವಿಡ್ಡಿನಲ್ಲಿ ಸತ್ತವರ ಮನೆಯವರು 2021ರ ಮಾರ್ಚಿಯಲ್ಲಿ ಒಂದೊಂದು ಸಾವಿಗೆ ಒಂದೊಂದರಂತೆ ಬರೆಯತೊಡಗಿದರು. ಒಳಗೆ ಹೆಸರು, ತಾರೀಖು, ಒಂದೆರಡು ಮಾತು. ಬಿಸಿಲು ಮಳೆಗೆ ಮಾಸುತ್ತದೆ. ಸ್ವಯಂಸೇವಕರು ಮತ್ತೆ ತಿದ್ದುತ್ತಾರೆ. ಎದುರು ದಡದಲ್ಲಿ ಪಾರ್ಲಿಮೆಂಟು. ಯಾವ ಕಲಾಸಮಿತಿಯೂ ಇದನ್ನು ಆಯ್ಕೆ ಮಾಡಲಿಲ್ಲ. ಹೆಸರುಗಳನ್ನು ಓದುತ್ತ ಹೋದೆ. ಇಂಗ್ಲಿಷರವು, ಆಫ್ರಿಕದವು, ನಮ್ಮ ದೇಶದವು. ಅಲ್ಲಿ ಯಾರ ಉಚ್ಚಾರಣೆಯನ್ನೂ ಯಾರೂ ಪರೀಕ್ಷಿಸಿಲ್ಲ.

ಆ ಗೋಡೆ ಮುಗಿದು ಲ್ಯಾಂಬೆತ್ ಸೇತುವೆಯನ್ನು ಹಾದು ಆಲ್ಬರ್ಟ್ ದಂಡೆಗೆ ಹೋದರೆ, ಮರದ ನೆರಳಿನಲ್ಲಿ ಬಸವಣ್ಣನವರು ಇದ್ದಾರೆ. ಹಿಂದೆ ಲ್ಯಾಂಬೆತ್ತಿನ ಮೇಯರಾಗಿದ್ದ ಕನ್ನಡಿಗ ನೀರಜ್ ಪಾಟೀಲರ ಪ್ರಯತ್ನದಿಂದ ಆದ ಪುತ್ಥಳಿ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಪುತ್ಥಳಿಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಆದರೂ ಕಲಬುರಗಿ ಸೀಮೆಯವರೊಬ್ಬರು ತಮ್ಮ ಕನ್ನಡವನ್ನು ಇಷ್ಟು ದೂರ ಹೊತ್ತು ತಂದರಲ್ಲ ಎನ್ನಿಸಿ ಮನಸ್ಸು ತುಂಬಿತು. ಬಸವಣ್ಣನವರ ಶತಮಾನ ಕನ್ನಡದಲ್ಲಿ ಪಕಾರ ಹಕಾರವಾಗುತ್ತಿದ್ದ ಕಾಲ. ಪಂಡಿತರ ಬಾಯಲ್ಲಿ ಇನ್ನೂ ಹಳೆಯ ಪಕಾರ ನಿಂತಿದ್ದಾಗ, ಬೀದಿಯ ಬಾಯಿ ಮುಂದಕ್ಕೆ ಹೋಗಿತ್ತು. ಅನುಭವಮಂಟಪಕ್ಕೆ ಬಂದ ಮಡಿವಾಳನನ್ನೂ ಅಂಬಿಗನನ್ನೂ ಸೂಳೆಯನ್ನೂ 'ಮೊದಲು ಈ ಅಕ್ಷರವನ್ನು ಸರಿಯಾಗಿ ಹೇಳು' ಎಂದು ಬಾಗಿಲಲ್ಲಿ ತಡೆದಿದ್ದರೆ ವಚನಸಾಹಿತ್ಯವೇ ಇರುತ್ತಿರಲಿಲ್ಲ. ಅದನ್ನು ಕಲಿಸುವ ನನಗೆ ಸಂಬಳವೂ ಇರುತ್ತಿರಲಿಲ್ಲ.

ಹಾಗಾದರೆ ಥೇಮ್ಸಿನ ತೆಂಕಣ ದಡದ ಬಗೆಗೆ ತೀರ್ಮಾನವೇನು? ಅದು ಒಳ್ಳೆಯ ಕೃತಿ, ಆದರೆ ಒಬ್ಬನ ಕೃತಿಯಲ್ಲ; ಬರೆದವರಿಗಿಂತ ಅಳಿಸಗೊಡದವರು ಅದನ್ನು ಉಳಿಸಿದ್ದಾರೆ. ಪ್ರದರ್ಶನಕ್ಕೆ ಇಟ್ಟ ವಸ್ತುಗಳಿಗಿಂತ ತೆರೆದಿಟ್ಟ ಬಾಗಿಲುಗಳಲ್ಲಿ ಅದರ ಗುಣವಿದೆ. ಬಾಗಿಲು ಮುಚ್ಚಿದಲ್ಲೆಲ್ಲ ಅದು ಬರಿಯ ಗಾಜು ಕಾಂಕ್ರೀಟು. ಅಲ್ಲಿ 'ಏನೂ ಇರಲಿಲ್ಲ' ಎಂಬ ಮಾತನ್ನು ನನ್ನ ಸೋದರಳಿಯ ಇನ್ನು ಆಡಲಾರ; ದಾರಿಯುದ್ದಕ್ಕೂ ಅವನ ಕಿವಿ ಕಚ್ಚಿ ಬಂದಿದ್ದೇನೆ.

ಕಾಲೇಜು ತೆರೆದ ಮೊದಲ ವಾರ, ಹೊಸ ತರಗತಿಯಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ಓದಿಸಿದೆ. ಮೂರನೆಯ ಸಾಲಿನಲ್ಲಿ 'ಹ'ಕಾರ ಜಾರಿತು. ಮುಂದಿನ ಬೆಂಚಿನವರು ನನ್ನ ಮುಖ ನೋಡಿದರು. ನಗಲು ಅಪ್ಪಣೆ ಕಾಯುತ್ತಿದ್ದರೆಂದು ಕಾಣುತ್ತದೆ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವಳು ಪದ್ಯವನ್ನು ಕೊನೆಯವರೆಗೆ ಓದಿದಳು. ಚೆನ್ನಾಗಿಯೇ ಓದಿದಳು.